ಸ್ತನಗಾತ್ರವನ್ನು ತಗ್ಗಿಸುವ ಶಸ್ತ್ರಚಿಕಿತ್ಸೆ: ಒಂದು ಪೂರ್ವವಿಚಾರ

ಸ್ತ್ರೀಯರ ದೇಹಬಾಧೆಗಳನ್ನು ಕುರಿತ ನಮ್ಮ ವೈದ್ಯಕೀಯ ಬರವಣಿಗೆಯಲ್ಲಿ ಅತಿಸ್ಥೂಲವಾದ ಸ್ತನಗಳಿಂದ ಒದಗುವ ಯಾತನೆಗೆ ದೊರೆತಿರುವ ಸ್ಥಾನ ಅತ್ಯಲ್ಪವಾದುದು. ಕುತ್ತಿಗೆ, ಹೆಗಲು, ಮೇಲ್ಬೆನ್ನುಗಳನ್ನು ಬಿಡದೆ ಕಾಡುವ ನೋವು. ಬ್ರಾದ ಪಟ್ಟಿ ವರ್ಷಗಟ್ಟಲೆ ಒತ್ತಿದುದರಿಂದ ಹೆಗಲಿನ ಮೇಲೆ ಬೆರಳಿಟ್ಟರೆ ಕೂರುವಷ್ಟು ಆಳವಾಗಿ ಬಿದ್ದ ಕುಳಿ. ಸ್ತನದ ಕೆಳಮಡಿಕೆಯಲ್ಲಿ ಬೇಸಗೆಯುದ್ದಕ್ಕೂ ಬೆವರು ನಿಂತು, ಚರ್ಮ ಕೆಂಪೇರಿ ಸುಲಿದು, ಮುಲಾಮು ಹಚ್ಚಿದಾಗ ಅಡಗಿ ಮರುವಾರವೇ ಮರುಕಳಿಸುವ ನವೆ. ಕೆಲವರಲ್ಲಿ ಕೈಬೆರಳುಗಳಿಗೆ ಹತ್ತುವ ಜೋಮು: ಇವಿಷ್ಟನ್ನೂ ಹೊತ್ತು, ಸಂಕೋಚದ ದೆಸೆಯಿಂದ ಮನೆಯವರೆದುರಿಗೂ ಬಾಯಿಬಿಡಲಾರದೆ, ಗೂನುಬೆನ್ನಿನಲ್ಲಿ ನಡೆಯುವ ಅಭ್ಯಾಸ ಮಾಡಿಕೊಂಡ ಹೆಂಗಸರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಬಾಧೆಯನ್ನು ಅಲಂಕಾರದ ಹಂಬಲವೆಂದು ತಳ್ಳಿಹಾಕುವುದು ಅನ್ಯಾಯವೆಂಬುದು ನನ್ನ ದೃಢವಾದ ಮತ. ಆದರೆ ಪರಿಹಾರವನ್ನು ಅರಸಿ ಶಸ್ತ್ರವೈದ್ಯರ ಬಳಿಗೆ ಹೋಗುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ತೂಕವನ್ನು ತೆಗೆಯುವಿರೆಂದು; ಏನನ್ನು, ಯಾವ ಉಪಾಯದಿಂದ ಉಳಿಸುವಿರೆಂದು ಕೇಳುವವರು ವಿರಳ. ಈ ಚಿಕಿತ್ಸೆಯ ಗುಣದೋಷಗಳ ಬಹುಭಾಗ ಎರಡನೆಯ ಪ್ರಶ್ನೆಯನ್ನು ಆಶ್ರಯಿಸಿಕೊಂಡಿರುವುದರಿಂದ ಅದನ್ನೇ ಇಲ್ಲಿ ಮುಖ್ಯವಾಗಿ ವಿಚಾರಿಸಲಾಗುವುದು.

ಸ್ತನವು ಕ್ಷೀರಗ್ರಂಥಿ ಮತ್ತು ಮೇದಸ್ಸುಗಳ ಸಮೂಹ. ಅದನ್ನು ಚರ್ಮಕ್ಕೆ ಹೆಣೆದು ನಿಲ್ಲಿಸುವ ನಾರಿನ ಬಂಧಗಳನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿವರಿಸಿದ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನ ಹೆಸರಿನಿಂದಲೇ ಅವು ಇಂದಿಗೂ ಪ್ರಸಿದ್ಧವಾಗಿವೆ. ರಕ್ತವು ಎದೆಯೆಲುಬಿನ ಪಕ್ಕದಿಂದಲೂ ಕಂಕುಳ ಕಡೆಯಿಂದಲೂ ಪಕ್ಕೆಲುಬುಗಳ ನಡುವಿನಿಂದಲೂ ಬಂದು ಸೇರುತ್ತದೆ. ತೊಟ್ಟಿನ ಸ್ಪರ್ಶಜ್ಞಾನಕ್ಕೆ ಮುಖ್ಯ ಆಧಾರ ಪಕ್ಕೆಲುಬುಗಳ ನಡುವೆ ಹಾಯುವ ನಾಲ್ಕನೆಯ ನರದ ಶಾಖೆ. ಜೋತುಬಿದ್ದ ಸ್ತನವನ್ನು ಕಿರಿದುಗೊಳಿಸುವಾಗ ತೊಟ್ಟನ್ನು ಅದರ ಕಪ್ಪು ವಲಯದೊಡನೆ ಮೇಲಕ್ಕೆ ಒಯ್ಯಬೇಕಾಗುವುದು. ಒಯ್ಯುವಾಗ ಅದು ಜೀವಂತವಾಗಿರಬೇಕಾದರೆ ರಕ್ತನಾಳಗಳೂ ನರಗಳೂ ಉಳ್ಳ ಮಾಂಸದ ಒಂದು ವೃಂತವನ್ನು ಅದಕ್ಕೆ ಅಂಟಿಸಿಕೊಂಡೇ ಬಿಟ್ಟಿರಬೇಕು. ಈ ತತ್ತ್ವ ಭಾರತಕ್ಕೆ ಅಪರಿಚಿತವಲ್ಲ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದು, ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್ಜಿ ಎಂಬವನಿಗೆ ಪುಣೆಯ ಬಳಿಯ ದೇಶೀಯ ವೈದ್ಯನೊಬ್ಬ ಹಣೆಯ ಚರ್ಮವನ್ನು ಪೂರ್ತಿ ಕಡಿಯದೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಗಿ, ಐರೋಪ್ಯ ವೈದ್ಯರ ಕಣ್ಣು ತೆರೆಸಿತು.

ಸ್ತನದ ವಿಷಯದಲ್ಲಿ ಈ ತತ್ತ್ವ ನೆಲೆಗೊಳ್ಳಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. 1922ರಲ್ಲಿ ಶಿಕಾಗೋದ ಮ್ಯಾಕ್ಸ್ ಥೋರೆಕ್ ತೊಟ್ಟನ್ನು ಪೂರ್ತಿಯಾಗಿ ಬಿಡಿಸಿ ಹೊಸ ಸ್ಥಾನದಲ್ಲಿ ಕಸಿಮಾಡುವ ಕ್ರಮವನ್ನು ಪ್ರಕಟಿಸಿದ. 1930ರಲ್ಲಿ ಶ್ವಾರ್ಟ್ಸ್‌ಮನ್ ತೊಟ್ಟಿನ ಸುತ್ತಣ ಒಳಚರ್ಮವನ್ನು ಉಳಿಸಿದರೆ ರಕ್ತಸಂಚಾರವೂ ಉಳಿಯುವುದೆಂದು ತೋರಿಸಿಕೊಟ್ಟ. 1956ರಲ್ಲಿ ರಾಬರ್ಟ್ ವೈಸ್ ಚರ್ಮವನ್ನು ಕತ್ತರಿಸುವುದಕ್ಕೆ ನಿಯತವಾದ ಒಂದು ಮಾದರಿಯನ್ನು ರಚಿಸಿದ. ಮುಂದೆ ಮೆಕಿಸಾಕ್ 1972ರಲ್ಲಿ ಮೇಲೂ ಕೆಳಗೂ ಎರಡೂ ತುದಿಗಳಲ್ಲಿ ಅಂಟಿಕೊಂಡ ವೃಂತವನ್ನೂ, ಅದೇ ದಶಕದಲ್ಲಿ ಬೇರೆ ಕೆಲವರು ಕೆಳಗಿನಿಂದ ಏಳುವ ವೃಂತವನ್ನೂ, 1999ರಲ್ಲಿ ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ ಒಳಬದಿಯ ವೃಂತವನ್ನೂ ಪ್ರತಿಪಾದಿಸಿದರು. ಈ ಚರಿತ್ರೆ ರೋಗಿಗೆ ನಿರುಪಯೋಗಿ ಎನ್ನಲಾಗದು. ಥೋರೆಕನ ಕಸಿಕ್ರಮವನ್ನು ಅತ್ಯಂತ ದೊಡ್ಡ ಸ್ತನಗಳಲ್ಲಿ, ವೃಂತವು ತೀರ ಉದ್ದವಾಗಿ ರಕ್ತ ತುದಿಮುಟ್ಟುವ ಭರವಸೆಯಿಲ್ಲದಿರುವಲ್ಲಿ, ಇಂದಿಗೂ ಬಳಸುವುದುಂಟು. ಆದರೆ ಹಾಗೆ ಬಿಡಿಸಿ ನೆಟ್ಟ ತೊಟ್ಟಿನಲ್ಲಿ ಮೊದಲಿನ ಸ್ಪರ್ಶಜ್ಞಾನ ಉಳಿಯುವುದಿಲ್ಲ, ಹಾಲು ಹರಿಯುವ ದಾರಿಯೂ ಮುಚ್ಚಿಹೋಗುವುದು. ವೃಂತವನ್ನು ಉಳಿಸಿದವರಲ್ಲಿ ಹಲವರು ಮುಂದೆ ಮಗುವಿಗೆ ಹಾಲೂಡಿಸಬಲ್ಲರು, ಆದರೆ ಪೂರ್ತಿ ಸಾಲುವಷ್ಟು ಹಾಲು ಬಂದೀತೆಂಬ ನಿಶ್ಚಯ ಯಾರೂ ಕೊಡಲಾರರು. ಇನ್ನು ಮಕ್ಕಳಾಗಬೇಕಾದ ತರುಣಿ ಇದನ್ನು ಅರಿವಳಿಕೆಯ ಮೇಜನ್ನು ಏರುವ ಬಹು ಮುಂಚೆಯೇ ತಿಳಿದಿರತಕ್ಕದ್ದು.

ಶಸ್ತ್ರಕ್ರಿಯೆಯ ಅರ್ಧ ಕೆಲಸ ಕತ್ತಿ ಹಿಡಿಯುವ ಮೊದಲೇ ನಡೆಯುತ್ತದೆ. ರೋಗಿಯನ್ನು ನೆಟ್ಟಗೆ ನಿಲ್ಲಿಸಿ ಅಥವಾ ಕೂರಿಸಿ, ಶಾಯಿಯ ಲೇಖನಿಯಿಂದ ಎದೆಯ ನಡುಗೆರೆಯನ್ನೂ ಕೊರಳೆಲುಬಿನ ಮಧ್ಯದಿಂದ ಕೆಳಕ್ಕೆ ಇಳಿಯುವ ಇನ್ನೊಂದು ಗೆರೆಯನ್ನೂ ಎಳೆದು, ಸ್ತನದ ಕೆಳಮಡಿಕೆಯಲ್ಲಿ ಬೆರಳಿಟ್ಟು ಆ ಎತ್ತರವನ್ನು ಮುಂಬದಿಯಲ್ಲಿ ಗುರುತಿಸಿ, ಅಲ್ಲಿ ತೊಟ್ಟಿನ ಹೊಸ ಸ್ಥಾನವನ್ನು ನಿಶ್ಚಯಿಸುತ್ತಾರೆ. ಮಲಗಿದಾಗ ಸ್ತನ ಪಕ್ಕಕ್ಕೆ ಜಾರಿ ಅಳತೆ ತಪ್ಪುವುದರಿಂದ ನಿಂತ ನಿಲುವೇ ಪ್ರಮಾಣ. ವೈಸನ ಮಾದರಿಯನ್ನು ಅನುಸರಿಸಿದರೆ ಕಲೆಯು ತೊಟ್ಟಿನ ಸುತ್ತ ಬಳಸಿ, ಅಲ್ಲಿಂದ ನೇರ ಕೆಳಗಿಳಿದು, ಮಡಿಕೆಯುದ್ದಕ್ಕೂ ಲಂಗರಿನಂತೆ ಹರಡುವುದು. ತೊಟ್ಟಿನ ಸುತ್ತಲೂ ನೇರ ಕೆಳಕ್ಕೂ ಮಾತ್ರ ಛೇದಿಸುವ ಲಂಬಕ್ರಮದಲ್ಲಿ ಮಡಿಕೆಯ ಕಲೆ ಇರದು, ಇದ್ದರೂ ಅತ್ಯಲ್ಪ. ನೇರಗೆರೆ ಮಡಿಕೆಯನ್ನು ಸಂಧಿಸುವ ಮೂಲೆಯಲ್ಲಿ ಹೊಲಿಗೆಯ ಸೆಳೆತ ಹೆಚ್ಚಾದುದರಿಂದ ಅಲ್ಲಿ ಗಾಯ ಬಿಟ್ಟುಕೊಂಡು ವಾರಗಟ್ಟಲೆ ಕಟ್ಟು ಬದಲಿಸಬೇಕಾಗುವುದು ಅಪರೂಪವೇನಲ್ಲ. ನಮ್ಮವರ ಕಪ್ಪು, ಕಂದು ಚರ್ಮದಲ್ಲಿ ಕಲೆ ಉಬ್ಬಿ ಕೀಲಾಯ್ಡ್ ಆಗುವ ಪ್ರವೃತ್ತಿ ಹೆಚ್ಚು. ಕಿವಿ ಚುಚ್ಚಿಸಿದಾಗಲೋ ಸುಟ್ಟಾಗಲೋ ಗಾಯ ಗಂಟುಕಟ್ಟಿದ್ದವರು ಅದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ರಕ್ತ ಹೆಪ್ಪುಗಟ್ಟಿ ನಿಲ್ಲುವುದು, ಸೋಂಕು, ಎರಡೂ ಬದಿ ಸಮನಾಗದಿರುವುದು, ಸ್ಪರ್ಶ ಕುಂದುವುದು, ಬಲು ವಿರಳವಾಗಿ ತೊಟ್ಟೇ ನಾಶವಾಗುವುದು: ಇವು ಉಳಿದ ಅಪಾಯಗಳು. ತಂಬಾಕು ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸಿ ವೃಂತದ ಪ್ರಾಣಕ್ಕೇ ಎರವಾಗುವುದರಿಂದ ಕನಿಷ್ಠ ನಾಲ್ಕು ವಾರ ಮುಂಚೆ ಅದನ್ನು ತ್ಯಜಿಸಲೇಬೇಕು. ಸಕ್ಕರೆಕಾಯಿಲೆ ಹತೋಟಿಯಲ್ಲಿರಬೇಕು, ಆಸ್ಪಿರಿನ್ ಮೊದಲಾದ ರಕ್ತ ತೆಳುಮಾಡುವ ಔಷಧಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸದೆ ವೈದ್ಯರನ್ನು ಕೇಳಿ ನಿಲ್ಲಿಸಬೇಕು.

ಎಂದು ಮಾಡಿಸಿಕೊಳ್ಳಬೇಕೆಂಬುದು ಇನ್ನೊಂದು ಸಂದೇಹ. ಬೆಳವಣಿಗೆ ನಿಲ್ಲುವ ಮುನ್ನ ಮಾಡಿದರೆ ಸ್ತನ ಮತ್ತೆ ದಪ್ಪವಾಗಬಹುದು. ಗರ್ಭಧಾರಣೆಯಿಂದಲೂ ತೂಕದ ಏರಿಳಿತದಿಂದಲೂ ಫಲ ಕೆಡಬಹುದು. ಹಾಲೂಡಿಸುವುದನ್ನು ಬಿಟ್ಟ ಮೇಲೆ ಕೆಲವು ತಿಂಗಳು ಕಾಯುವುದು ವಿಹಿತ. ಹಾಗೆಂದು ಯಾತನೆ ತೀವ್ರವಾದವರಿಗೆ ಹೆರಿಗೆಯಾಗುವವರೆಗೂ ಸಹಿಸಿಕೊಂಡಿರೆನ್ನುವುದು ನಿರ್ದಯ. ರುಮೇನಿಯದ ಟೆನಿಸ್ ಪಟು ಸಿಮೊನಾ ಹಾಲೆಪ್ 2009ರಲ್ಲಿ, ಹದಿನೇಳರ ಹರೆಯದಲ್ಲಿ, ಈ ಚಿಕಿತ್ಸೆಯನ್ನು ಮಾಡಿಸಿಕೊಂಡು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಮುಂದೆ 2018ರಲ್ಲಿ ಫ್ರೆಂಚ್ ಓಪನ್ನನ್ನೂ 2019ರಲ್ಲಿ ವಿಂಬಲ್ಡನ್ನನ್ನೂ ಗೆದ್ದುದು ಸರ್ವವಿದಿತ. ಲಜ್ಜೆಯ ಕಟ್ಟನ್ನು ಸಡಿಲಿಸಿದ ಆಕೆಯ ಧೈರ್ಯವನ್ನು ನಾನು ಗೆಲುವಿಗಿಂತ ಕಡಮೆಯೆಂದು ಎಣಿಸಲಾರೆ.

ಇದು ವ್ಯಾಧಿಚಿಕಿತ್ಸೆಯೋ ಸೌಂದರ್ಯಚಿಕಿತ್ಸೆಯೋ ಎಂಬ ವಿವಾದ ಹಣದ ಪ್ರಶ್ನೆಯೂ ಹೌದು. ಅಮೆರಿಕದಲ್ಲಿ ಪಾಲ್ ಶ್ನೂರ್ 1991ರಲ್ಲಿ ದೇಹದ ಮೇಲ್ಮೈಯ ವಿಸ್ತೀರ್ಣಕ್ಕೂ ತೆಗೆದ ಅಂಗಾಂಶದ ತೂಕಕ್ಕೂ ಸಂಬಂಧ ಕಲ್ಪಿಸಿ ಒಂದು ಮಾಪನವನ್ನು ಪ್ರಕಟಿಸಿದ ಬಳಿಕ ವಿಮಾಕಂಪನಿಗಳು ಅದನ್ನೇ ಶಾಸನದಂತೆ ಹಿಡಿದವು. ನೋವಿಗೆ ಗ್ರಾಮುಗಳಲ್ಲಿ ಬೆಲೆಕಟ್ಟುವ ಈ ಕ್ರಮ ನನಗೆ ಒಪ್ಪಿತವಲ್ಲ. ನಮ್ಮ ದೇಶದಲ್ಲಿ ವಿಮಾನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸಿರುವ ಹೊರಗಿಡಿಕೆಯ ನಿಯಮಗಳಲ್ಲಿ ಪ್ಲಾಸ್ಟಿಕ್ ಸರ್ಜರಿಯ ವೆಚ್ಚವನ್ನು, ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ತರುವಾಯದ ಪುನಾರಚನೆಗೆ ಹೊರತು, ಆರೋಗ್ಯಕ್ಕೆ ನೇರವೂ ಸದ್ಯಸ್ಕವೂ ಆದ ಅಪಾಯವಿದೆಯೆಂದು ವೈದ್ಯರು ದೃಢೀಕರಿಸಿದಾಗ ಮಾತ್ರ ಭರಿಸಬಹುದೆಂದಿದೆ. ಆದುದರಿಂದ ಚರ್ಮರೋಗದ ಚೀಟಿಗಳು, ಮೂಳೆವೈದ್ಯರ ಅಭಿಪ್ರಾಯ, ಫಿಸಿಯೋಥೆರಪಿಯ ದಾಖಲೆ ಇವನ್ನೆಲ್ಲ ಮೊದಲಿನಿಂದ ಕೂಡಿಡುವುದೂ, ವಿಮೆಯ ಪೂರ್ವಾನುಮತಿಯನ್ನು ಬರಹದಲ್ಲಿ ಪಡೆಯುವುದೂ ಅವಶ್ಯ.

ಚಿಕಿತ್ಸೆಯ ತರುವಾಯ ಹಗುರ ಕೆಲಸಕ್ಕೆ ಒಂದೆರಡು ವಾರ, ನೀರಿನ ಕೊಡ ಎತ್ತುವಂಥ ಭಾರದ ಕೆಲಸಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಕಲೆ ಮಾಗಲು ವರ್ಷವೂ ಹಿಡಿದೀತು. ನಾಲ್ವತ್ತು ದಾಟಿದವರೂ ಮನೆತನದಲ್ಲಿ ಸ್ತನಕ್ಯಾನ್ಸರ್ ಇದ್ದವರೂ ಮೊದಲೇ ಮ್ಯಾಮೊಗ್ರಾಂ ಮಾಡಿಸಬೇಕು. ತೆಗೆದ ಅಂಗಾಂಶವನ್ನು ರೋಗಪರೀಕ್ಷೆಗೆ ಕಳುಹಿಸುವ ಪದ್ಧತಿಯಿದೆ, ಕೆಲವೊಮ್ಮೆ ಯಾರೂ ಶಂಕಿಸದ ಕ್ಯಾನ್ಸರ್ ಅಲ್ಲಿ ಪತ್ತೆಯಾದುದೂ ಉಂಟು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪಡೆದವರನ್ನೇ ಆರಿಸಿಕೊಂಡು, ನಿಮ್ಮ ತೊಟ್ಟನ್ನು ಯಾವ ವೃಂತದ ಮೇಲೆ ಒಯ್ಯುವರೆಂದು ಕೇಳಿ ತಿಳಿದುಕೊಂಡು, ಮನೆಗೆ ಮರಳುವಾಗ ಶಸ್ತ್ರಕ್ರಿಯೆಯ ಟಿಪ್ಪಣಿಯನ್ನೂ ರೋಗಪರೀಕ್ಷೆಯ ವರದಿಯನ್ನೂ ತಪ್ಪದೆ ಕೇಳಿ ಪಡೆಯಿರಿ. ಮುಂದೆ ಮ್ಯಾಮೊಗ್ರಾಂ ಓದುವ ವೈದ್ಯರಿಗೂ, ಇನ್ನೊಮ್ಮೆ ಅದೇ ಜಾಗದಲ್ಲಿ ಕೈಯಿಡುವ ಶಸ್ತ್ರವೈದ್ಯರಿಗೂ ಅವೆರಡೂ ಬೇಕಾಗುತ್ತವೆ.