ಗಣಕದ ಇಕ್ಕಟ್ಟಿನಲ್ಲಿ ಕನ್ನಡ ಲಿಪಿ

ಗುತ್ತಲಿನವರೇ ಮೊದಲಾದ ಮಂಡ್ಯದ ಸೀಮೆಯವರಿಗೆ ನಾಲೆಯ ನೀರನ್ನು ಸರದಿಯಿಂದ ಹಂಚಿಕೊಳ್ಳುವ ಕಷ್ಟವು ಹೊಸದಲ್ಲ. ಗಣಕಯಂತ್ರದಲ್ಲಿ ಕನ್ನಡವು ನೆಲೆಗೊಂಡ ಚರಿತ್ರೆಯೂ ಅಂತಹುದೇ ಒಂದು ಹಂಚಿಕೆಯ ಚರಿತ್ರೆಯಾಗಿದೆ.

1981ರಲ್ಲಿ ಐಬಿಎಂ ಸಂಸ್ಥೆಯ ಪಿ.ಸಿ.ಯೊಡನೆ ಬಂದ ಡಾಸ್ ವ್ಯವಸ್ಥೆಯಲ್ಲಿ ಸಾಮಾನ್ಯ ಕೆಲಸಗಳಿಗೆ ದೊರೆಯುತ್ತಿದ್ದ ಸ್ಮೃತಿಯ ಮೇರೆ 640 ಕಿಲೋಬೈಟ್. ಅಕ್ಷರಚಿಹ್ನೆಗಳಿಗೆ ಇದ್ದ ಮನೆಗಳು 256 ಮಾತ್ರ. ಇಂಗ್ಲಿಷಿಗೆ ಇದು ಧಾರಾಳವಾಯಿತು. ಕನ್ನಡದಲ್ಲಾದರೋ ಕಾಗುಣಿತವೊಂದೇ ನಾನೂರನ್ನು ಮೀರುತ್ತದೆ. ಇನ್ನು ಒತ್ತಕ್ಷರಗಳನ್ನು ಎಣಿಸುವವರಾರು! 1992ರ ವಿಂಡೋಸ್ 3.1ರಲ್ಲಿ ಸ್ಮೃತಿಯು ಹೆಚ್ಚಿದರೂ, ಕಿಟಕಿಗಳ ಮತ್ತು ಚಿತ್ರಗಳ ಲೆಕ್ಕವಿಡುವ ಕಣಜಗಳು 64 ಕಿಲೋಬೈಟಿನವೇ ಆಗಿದ್ದುವು. ಅವು ತುಂಬಿದರೆ, ಉಳಿದೆಡೆ ಸ್ಥಳವಿದ್ದರೂ ಕೆಲಸ ನಿಲ್ಲುತ್ತಿತ್ತು.

ಈ ಇಕ್ಕಟ್ಟಿಗೆ ಎರಡು ಉಪಾಯಗಳು ಹುಟ್ಟಿದುವು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಫಲಕವು ಅಕ್ಷರರೂಪಗಳ ಹೊರೆಯನ್ನು ತಾನೇ ಹೊತ್ತು, ಬರೆಹವನ್ನು ಧ್ವನಿಸಂಕೇತಗಳಾಗಿ ಉಳಿಸಿತು. 'ಕ್ತ' ಎಂಬುದಕ್ಕೆ ಕಕಾರ, ಹಲಂತ, ತಕಾರ, ಹೀಗೆ ಮೂರೇ ಬೈಟು. 1991ರಲ್ಲಿ 'ಇಸ್ಕಿ' ಎಂಬ ಸಂಕೇತಕ್ರಮವು ಭಾರತೀಯ ಮಾನಕವಾಯಿತು. ಇದೇ ಶಾಸ್ತ್ರೋಕ್ತವಾದ ಮಿತವ್ಯಯವೆನ್ನಬೇಕು.

ಇನ್ನೊಂದು ಉಪಾಯವು ಅಕ್ಷರಗಳನ್ನು ತುಂಡರಿಸಿ 256 ಮನೆಗಳಲ್ಲಿ ತುಂಬುವುದು. 'ಶ್ರೀಲಿಪಿ', 'ನುಡಿ' ಮೊದಲಾದುವು ಈ ದಾರಿ ಹಿಡಿದುವು. ಫಲಕವು ಬೇಡವಾದ್ದರಿಂದ ಜನರಿಗೆ ಸುಲಭವೂ ಆಯಿತು. ಆದರೆ ಉಳಿದುದು ನುಡಿಯಲ್ಲ, ತುಂಡುಗಳ ಜೋಡಣೆ. ಒಂದು ಲಿಪಿಮಾಲೆಯ ಬರೆಹವನ್ನು ಮತ್ತೊಂದರಲ್ಲಿ ತೆರೆದರೆ ಅನರ್ಥ. ಅಕಾರಾದಿಯಾಗಿ ಜೋಡಿಸುವುದೂ ದುಸ್ಸಾಧ್ಯ.

2001ರ ವಿಂಡೋಸ್ ಎಕ್ಸ್‌ಪಿಯು ಯೂನಿಕೋಡ್ ಕನ್ನಡವನ್ನು ತಾನಾಗಿಯೇ ಮೂಡಿಸಿತು. ಅದಕ್ಕೆ ಮುಂಚಿನ ತುಂಡಕ್ಷರದ ಕಡತಗಳನ್ನು ಇಂದಿಗೂ ಪರಿವರ್ತಕಗಳ ಮೂಲಕ ಹಾಯಿಸಿದ ಹೊರತು ಯೂನಿಕೋಡಿನಲ್ಲಿ ಓದಲಾಗದು.