ಕಾಲಿನ ದಣಿವು, ಕಣ್ಣಿನ ದಣಿವು

ರೈಲು ಬರುವ ಮೊದಲು ಕನ್ನಡನಾಡಿನಿಂದ ಕಾಶಿಗೆ ಹೊರಟ ಸಾಮಾನ್ಯ ಜನ ನಡೆದೇ ಬರಬೇಕಾಗಿತ್ತು. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 1,750 ಕಿಲೋಮೀಟರು. ದಿನಕ್ಕೆ 20 ಕಿಲೋಮೀಟರಿನಂತೆ ನಡೆದರೂ ಮೂರು ತಿಂಗಳ ದಾರಿ. ಮದುವೆಯ ‘ಕಾಶಿಯಾತ್ರೆ’ಯಲ್ಲಿ ವರನಿಗೆ ಇಂದಿಗೂ ಕೊಡೆ, ಕೋಲು, ಪಾದರಕ್ಷೆ ಕೊಡುವುದು ಆ ನಡಿಗೆಯ ನೆನಪೇ. ಇಲ್ಲಿಯ ಜಂಗಮವಾಡಿ ಮಠಕ್ಕೆ ಅಕ್ಬರನೇ ಮೊದಲಾದ ಮೊಗಲ್ ದೊರೆಗಳು ಕೊಟ್ಟ ಫರ್ಮಾನುಗಳಿವೆ. ಅಷ್ಟು ಹಿಂದಿನಿಂದಲೂ ದಕ್ಷಿಣದ ಜಂಗಮರು ಈ ದಾರಿ ಸವೆಸಿದ್ದಾರೆ.

ಹಾಗೆ ನಡೆದವರ ಆಯಾಸವನ್ನು ಹೇಳಲು ಕನ್ನಡದಲ್ಲಿ ಹಲವು ಮಾತುಗಳಿವೆ. ‘ಬಳಲು’ ಹಳಗನ್ನಡದಲ್ಲಿ ‘ಬೞಲ್’. ಸಡಿಲವಾಗು, ಜೋಲು ಎಂಬ ಅರ್ಥವೂ ಅದಕ್ಕಿತ್ತು. ಸಡಿಲಗೊಂಡ ತುರುಬು ‘ಬೞಲ್ಮುಡಿ’. ‘ಬಸವಳಿ’ ಎಂಬಲ್ಲಿಯ ‘ಬಸ’ ಎಂಬುದು ‘ವಶ’ದ ತದ್ಭವ, ಮೈ ತನ್ನ ವಶ ತಪ್ಪಿತೆಂದು ಭಾವ. ಬಳಲಿದವನು ಹೇಗೋ ಹೆಜ್ಜೆಯಿಟ್ಟಾನು. ಬಸವಳಿದವನಿಗೆ ಅದೂ ಕಷ್ಟ.

ಎಲ್ಲಕ್ಕಿಂತ ಸ್ವಾರಸ್ಯವಾದುದು ‘ದಣಿ’. ಆಯಾಸಪಡು ಎಂಬ ಅರ್ಥದೊಡನೆ ತೃಪ್ತಿಪಡು ಎಂಬ ಅರ್ಥವೂ ಇದಕ್ಕುಂಟು. ‘ಕಣ್ದಣಿಯೆ ನೋಡಿದೆ’, ‘ಮನದಣಿಯೆ ಹಾಡಿದೆ’ ಎನ್ನುವಾಗ ಅಲ್ಲಿ ಆಯಾಸದ ಸುಳಿವೇ ಇಲ್ಲ. ಮಣಿಕರ್ಣಿಕೆಯಿಂದ ಹೊರಟು ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾಗಳಲ್ಲಿ ತಂಗುತ್ತ, ಸುಮಾರು 80 ಕಿಲೋಮೀಟರಿನ ಪಂಚಕ್ರೋಶಿ ಯಾತ್ರೆ ಮುಗಿಸಿ ಮರಳುವವರನ್ನು ಕಂಡರೆ ಎರಡರ್ಥವೂ ಒಟ್ಟಿಗೇ ಹೊಳೆಯುತ್ತವೆ. ಅವರ ಕಾಲೂ ದಣಿದಿರುತ್ತದೆ, ಕಣ್ಣೂ ದಣಿದಿರುತ್ತದೆ.

1870ರಲ್ಲಿ ಮುಂಬಯಿ–ಅಲಹಾಬಾದ್ ರೈಲುಮಾರ್ಗ ಕೂಡಿಕೊಂಡಿತು. 1887ರಲ್ಲಿ ಕಾಶಿಯ ಬಳಿ ಗಂಗೆಗೆ ಸೇತುವೆಯಾಯಿತು. ದೂರದ ಕಾಲ್ನಡಿಗೆ ಕ್ರಮೇಣ ನಿಂತಿತು. ಈಗ ನಡಿಗೆಯ ಮಾತುಗಳೂ ಮರೆಯಾಗುತ್ತಿವೆ. ಹೊರನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಎಲ್ಲ ಆಯಾಸಕ್ಕೂ ಒಂದೇ ಮಾತು: ‘ಸುಸ್ತು’. ಅದು ಪಾರಸಿ ಮೂಲದ ಶಬ್ದ. ಬೇರೆ ಭಾಷೆಯಿಂದ ಬಂದದ್ದೇನೂ ದೋಷವಲ್ಲ. ಆದರೆ ಹಿಂದಿಯಲ್ಲಿ ‘ಸುಸ್ತ್’ ಎಂದರೆ ಮಂದ, ಆಲಸಿ. ಶಾಲೆಯಿಂದ ನಡೆದು ಬಂದ ನಮ್ಮ ಮಗು ‘ಸುಸ್ತು’ ಎಂದರೆ ನೆರೆಮನೆಯವರು ಸೋಮಾರಿಯೆಂದು ತಿಳಿದಾರು! ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ‘ದಣಿವು’ ಮರೆತ ಮನೆಯಲ್ಲಿ ‘ಕಣ್ದಣಿಯೆ’ ಎಂಬುದೂ ಉಳಿಯದು.

ರಜೆಯಲ್ಲಿ ಮಕ್ಕಳೊಡನೆ ಕಾಶಿಗೆ ಬಂದಾಗ ಒಂದೆರಡು ಘಾಟುಗಳನ್ನು ನಡೆದೇ ನೋಡಿರಿ. ಆಮೇಲೆ, “ದಣಿವಾಯಿತೇನಪ್ಪ?” ಎಂದು ಕೇಳಿರಿ. “ಕಾಲಿಗೋ, ಕಣ್ಣಿಗೋ?” ಎಂದು ಮಗು ಮರುಪ್ರಶ್ನೆ ಹಾಕಿದರೆ, ಆ ಮನೆಯಲ್ಲಿ ಕನ್ನಡ ಇನ್ನೂ ನಡೆಯುತ್ತಿದೆ ಎಂದೇ ಅರ್ಥ.