ಐಗಳ ಕೈಯ ಹಳೆಯ ಕಾಗದಗಳು: 1823ರ ಬಳ್ಳಾರಿ ವರದಿಯ ಮರುಓದು

ಕೂಲಿಮಠದ ಕಲಿಕೆಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳಿಸಿದ ವರದಿಯ ಎರಡೇ ಮಾತುಗಳಿಗೆ ಜೋತುಬಿದ್ದಿದ್ದಾರೆ. ಮುಂದಿನ ಹುಡುಗರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಯೋಗ್ಯವೇ ಎಂಬ ಹೊಗಳಿಕೆ ಒಂದು ಪಂಗಡಕ್ಕೆ ಸಾಕು. ಹುಡುಗರು ಅರ್ಥ ತಿಳಿಯದೆ ಗಿಳಿಗಳಂತೆ ಪದ್ಯ ಒಪ್ಪಿಸುತ್ತಾರೆ ಎಂಬ ತೆಗಳಿಕೆ ಇನ್ನೊಂದಕ್ಕೆ ಸಾಕು. ಕೂಲಿಮಠದ ಮಾಸ್ತರರಾದ ಐಗಳು ನಿಜಕ್ಕೂ ಹೇಗೆ ಕಲಿಸುತ್ತಿದ್ದರೆಂಬುದು ಇವೆರಡರ ಆಚೆ ಇದೆ. ಅದನ್ನು ಇಬ್ಬರೂ ಹಾರಿಸುತ್ತಾರೆ. (ಧರ್ಮಪಾಲರ ಮೇಲೆ ನನ್ನ ದೂರಿಲ್ಲ. 1983ರ ‘ದಿ ಬ್ಯೂಟಿಫುಲ್ ಟ್ರೀ’ಯಲ್ಲಿ ಅವರು ವರದಿಯನ್ನು ತೆಗಳಿಕೆಯ ಸಮೇತ ಅಚ್ಚುಹಾಕಿದರು. ಅವರ ಹೆಸರು ಹೇಳಿಕೊಂಡು ಬರೆಯುವವರಿಗೆ ಅದನ್ನು ಪೂರ್ತಿ ಓದುವ ವ್ಯವಧಾನವಿಲ್ಲ, ಅಷ್ಟೆ.)

ಈ ವರದಿಯನ್ನು ಇಡೀ ದಖ್ಖನಿಗೆ ಹಚ್ಚುವ ಚಾಳಿಯೂ ನಿಲ್ಲಬೇಕು. 1822ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಮನ್ರೋ ಶಾಲೆಗಳ ಲೆಕ್ಕ ಕೇಳಿದ್ದು ಮದ್ರಾಸ್ ಪ್ರಾಂತದ ಕಲೆಕ್ಟರುಗಳಿಂದ ಮಾತ್ರ. ಬಳ್ಳಾರಿ 1800ರಲ್ಲೇ ನಿಜಾಮನಿಂದ ಕಂಪನಿಗೆ ಬಂದಿತ್ತು. ಔರಂಗಾಬಾದ್ ಸೀಮೆ ಆಗಲೂ ನಿಜಾಮನದೇ ಆಗಿತ್ತು. ಅಲ್ಲಿಯ ಐಗಳೋ ಪಂತೋಜಿಗಳೋ ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಕ್ಯಾಂಬೆಲ್ ಸಾಕ್ಷಿಯಾಗಲಾರ.

ಮೊದಲು ಗಿಳಿಯ ಮಾತು. ಕ್ಯಾಂಬೆಲ್ ಬರಿಯ ಕಂದಾಯದ ಅಧಿಕಾರಿಯಲ್ಲ. 1816ರಲ್ಲಿ ತೆಲುಗು ವ್ಯಾಕರಣ ಬರೆದವನು. ಶಾಲೆಯ ಪುಸ್ತಕಗಳು ಪದ್ಯದಲ್ಲಿವೆ, ಪದ್ಯದ ಭಾಷೆ ಆಡುಮಾತಿನಿಂದ ದೂರ, ಅದನ್ನು ವಿವರಿಸಬಲ್ಲ ಐಗಳೇ ಕಡಿಮೆ ಎಂಬುದು ವೈಯಾಕರಣನ ಅಸಮಾಧಾನ. ಆದರೆ ಅದೇ ಉಸಿರಿನಲ್ಲಿ ಅವನು ಇನ್ನೊಂದನ್ನೂ ಹೇಳುತ್ತಾನೆ: ಪದ್ಯವನ್ನು ಓದಿಸುತ್ತಿದ್ದದ್ದು ವ್ಯವಹಾರದ ಕಾಗದ ಓದುವ ಶಕ್ತಿ ಬರಲೆಂದು, ಉಚ್ಚಾರ ಸ್ಪಷ್ಟವಾಗಲೆಂದು. ರಾಮಾಯಣ, ಭಾರತ, ಭಾಗವತ ಅಲ್ಲಿ ನಾಲಿಗೆಯ ಸಾಧನೆಗೆ ಇದ್ದವು. ಅರ್ಥದ ಓದು ನಡೆಯುತ್ತಿದ್ದದ್ದು ಬೇರೆ ಕಡೆ.

ಎಲ್ಲಿ? ಐಗಳು ಅಲ್ಲಿ ಇಲ್ಲಿ ಕೂಡಿಹಾಕಿದ ಸರಕಾರಿ ಮತ್ತು ಇತರ ಕಾಗದಗಳಲ್ಲಿ. ಬಗೆಬಗೆಯ ಕೈಬರಹವನ್ನು ಬಿಡಿಸಿ ಓದುವುದು, ಸಾದಾ ಪತ್ರ ಬರೆಯುವುದು, ಕರಾರಿನ ನಮೂನೆ ಸಿದ್ಧಪಡಿಸುವುದು ಪಾಠದ ಭಾಗವೆಂದು ವರದಿ ಸ್ಪಷ್ಟವಾಗಿ ಹೇಳುತ್ತದೆ. ನನ್ನ ಹಿಂದಿನವರು ಈ ವಾಕ್ಯವನ್ನು ಪಠ್ಯಗಳ ಪಟ್ಟಿಯ ಬಾಲವೆಂದು ಓದಿದರು. ಅಚ್ಚಿನ ಪುಸ್ತಕ ಕಾಣದ ಊರಿನಲ್ಲಿ ಓದು ಎಂದರೆ ಕೈಬರಹದ ಓದು. ಶೃಂಗೇರಿ ಮಠದ ಕಡತಗಳಂಥ ಮೋಡಿ ಬರಹದಲ್ಲಿ ಕಣ್ಣು ನೋಯಿಸಿಕೊಂಡವರಿಗೆ ಗೊತ್ತು: ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡಿರುತ್ತದೆ, ಒಬ್ಬ ಶಾನುಭೋಗನ ಕೈ ಪಳಗಿದರೆ ಇನ್ನೊಬ್ಬನದು ಹೊಸದು. ಇಲ್ಲಿ ಬಾಯಿಪಾಠ ನಡೆಯದು. ಹಿಂದುಮುಂದಿನ ಅರ್ಥ ಹಿಡಿದೇ ಅಕ್ಷರ ಊಹಿಸಬೇಕು. ಐಗಳ ಗಂಟಿನಲ್ಲಿ ಎಷ್ಟು ಬಗೆಯ ಕಾಗದಗಳಿದ್ದವೋ ಅವರ ಹುಡುಗರ ಓದು ಅಷ್ಟು ವಿಸ್ತಾರವಾಗಿತ್ತು. ಹಾಗಾಗಿ ಒಂದೇ ತಾಲೂಕಿನ ಎರಡು ಕೂಲಿಮಠಗಳ ಹುಡುಗರು ಒಂದೇ ಭಾರತವನ್ನು ಓದಿಯೂ ಬೇರೆ ಬೇರೆ ವಿದ್ಯೆ ಕಲಿತು ಹೊರಬಿದ್ದಿರಬೇಕೆಂಬುದು ನನ್ನ ವಾದ.

ಬರಹ ಮೊದಲು ಎಂಬ ಕ್ರಮವೂ ಇದಕ್ಕೆ ಹೊಂದುತ್ತದೆ. ಮಗು ಅಕ್ಷರವನ್ನು ಬಾಯಲ್ಲಿ ಹೇಳಿ ಕಲಿಯುತ್ತಿರಲಿಲ್ಲ, ಮರಳಿನ ಮೇಲೆ ಬೆರಳಿಂದ ಬರೆದು ಕಲಿಯುತ್ತಿತ್ತು. ಆಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸಾಗಿಸಿ ಪುಸ್ತಕದಂತೆ ಮಡಿಚಿ, ಇದ್ದಿಲು, ಅಂಟು ಬಳಿದ ಬಟ್ಟೆ. ಬರೆಯಲು ಬಳಪ, ಒರಸಲು ಒದ್ದೆ ಬಟ್ಟೆ.

ಇನ್ನು ಹೊಗಳಿಕೆಯ ಪಂಗಡ. ಬಳ್ಳಾರಿಯಲ್ಲಿ 533 ಶಾಲೆ, 6,641 ಮಕ್ಕಳು (ಅವರಲ್ಲಿ ಹುಡುಗಿಯರು 60). ಶಾಲೆಗೆ ಸರಾಸರಿ ಹನ್ನೆರಡು ಚಿಲ್ಲರೆ. ಆಂಡ್ರ್ಯೂ ಬೆಲ್ ಮದ್ರಾಸಿನಲ್ಲಿ ಮರಳಿನ ಬರಹ ಕಂಡು 1797ರಲ್ಲಿ ಪುಸ್ತಕ ಬರೆದ ಮೇಲೆ ಇಂಗ್ಲೆಂಡಿನಲ್ಲಿ ಹಬ್ಬಿದ್ದು ನೂರಾರು ಮಕ್ಕಳನ್ನು ಒಬ್ಬನೇ ಮಾಸ್ತರನ ಕೈಗೊಪ್ಪಿಸುವ ಮಿತವ್ಯಯ. ಹನ್ನೆರಡು ಮಕ್ಕಳಿಗೆ ಅದರ ಅಗತ್ಯವೇನು? ಆ ಹನ್ನೆರಡರಲ್ಲೇ ಸಾಮಾನ್ಯವಾಗಿ ನಾಲ್ಕು ವರ್ಗ. ಒಳ್ಳೆಯ ದಿನ ನೋಡಿ ಒಬ್ಬೊಬ್ಬರೇ ಸೇರುತ್ತಿದ್ದರು, ಯೋಗ್ಯತೆಯಂತೆ ಮೇಲೇರುತ್ತಿದ್ದರು. ದೊಡ್ಡ ಹುಡುಗ ಚಿಕ್ಕವನ ಪಕ್ಕ ಕೂತದ್ದು ಈ ಏರುಪೇರಿನಿಂದ. ಹಾಗೆ ಕೂತು ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಂಡ. ಎರಡನ್ನೂ ಒಂದೇ ಪದ್ಧತಿ ಎನ್ನುವುದು ಹೆಮ್ಮೆಗೆ ಒದಗಬಹುದು, ಚರಿತ್ರೆಗೆ ಒದಗದು.

ಅದೇ ಹೆಮ್ಮೆ ಮುಚ್ಚಿಡುವ ಇನ್ನೊಂದು ವಿವರ: ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ಮುಂದೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಹನ್ನೆರಡನೆಯವನಿಗೆ ಹತ್ತು. ಸೋಮಾರಿಯ ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುವುದೂ ಇತ್ತು. ಇದನ್ನು ಎತ್ತಿ ಹೇಳಿದರೆ ನಮ್ಮ ವಿಚಾರಸಂಕಿರಣಗಳಲ್ಲಿ ಮೆಕಾಲೆಯ ಕಡೆಯವನೆಂಬ ಬಿರುದು ಸಿಗುತ್ತದೆ. ಕ್ಯಾಂಬೆಲ್ ಇದನ್ನು ಬರೆದದ್ದು ಮೆಕಾಲೆಯ ಟಿಪ್ಪಣಿಗಿಂತ ಹನ್ನೆರಡು ವರ್ಷ ಮೊದಲು. ಈ ಶಾಲೆಗಳಲ್ಲಿ ಒಂದಕ್ಕೂ ಸರಕಾರದ ಕಾಸಿಲ್ಲವೆಂದು ನಾಚಿಕೆಪಟ್ಟವನೂ ಅವನೇ.